ಬೋರಲು ಮಲಗದವರ ಕಣ್ಣು

ಕಾಲರು ಮುಗಿದಿದೆ, ಎಡತೋಳು ಅರ್ಧವಾಗಿದೆ. ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಗಂಡನ ಅಂಗಿಗೆ ಇಸ್ತ್ರಿ ಹಾಕುತ್ತಿರುವ ಹೆಂಗಸಿನ ಹಣೆಗೆ ಒಂದು ಬಟ್ಟೆಪಟ್ಟಿ ಬಿಗಿದಿದೆ. ತಲೆನೋವಿಗೆ ಕಟ್ಟಿಕೊಂಡಿದ್ದಾರೇನೋ ಅನ್ನಿಸಬೇಕು. ಆದರೆ ಪಟ್ಟಿಯ ನಡುವೆ ಕೋಟಿನ ಗುಂಡಿಯಷ್ಟು ದಪ್ಪದ ಉಬ್ಬೊಂದು ಕಾಣುತ್ತದೆ.

"ಮದುವೆಯಾಗಿ ಇಷ್ಟು ವರ್ಷ ನನ್ನ ಒಂದು ಅಂಗಿ ಮುಟ್ಟಿದವಳಲ್ಲ," ಎನ್ನುತ್ತಾರೆ ಕಾಲೇಜಿನಲ್ಲಿ ಗಣಿತ ಹೇಳುವ ಗಂಡ, ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು. "ಈಗ ಬನಿಯನ್ನಿಗೂ ಇಸ್ತ್ರಿ. ನಮ್ಮಿಬ್ಬರಿಗೂ ದೊಡ್ಡ ಜಗಳವಾಗಿ ರಾಜಿ ಆಗಿದೆ ಅಂದ್ಕೊಂಡಿದ್ದಾರೆ ಪಕ್ಕದ ಮನೆಯವರು."

"ಮಾತಾಡಿಸ್ಬೇಡಿ. ತಲೆ ಎತ್ತಿದ್ರೆ ಲೆಕ್ಕ ಕೆಡುತ್ತೆ."

ಈ ಹೆಂಗಸು ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಗೋಡೆಯ, ಶಸ್ತ್ರವೈದ್ಯೆ. ದಾನದ ಹಣದಲ್ಲಿ ನಡೆಯುವ ಕಣ್ಣಾಸ್ಪತ್ರೆಯೊಂದರಲ್ಲಿ ವಾರಕ್ಕೆ ಮೂರು ದಿನ ಆಪರೇಷನ್ ಮಾಡುತ್ತಾರೆ, ಎರಡು ದಿನ ರೋಗಿಗಳನ್ನು ನೋಡುತ್ತಾರೆ. ಸಂಶೋಧನೆಗೆ ಸಿಗುವುದು ಅದರ ನಂತರ ಉಳಿದ ಹೊತ್ತು. ಅದಕ್ಕೆ ಕೊಟ್ಟಿರುವ ಕೋಣೆ ಮೊದಲು ಆಮ್ಲಜನಕದ ಸಿಲಿಂಡರ್ ಇಡುತ್ತಿದ್ದ ಜಾಗ. ಅಲ್ಲಿ ಕಿಟಕಿ ಇಲ್ಲ. ಬಾಗಿಲಿನ ಮೇಲೆ 'ಬೆಂಕಿ ನಿಷೇಧ' ಎಂಬ ಬರಹ ಇನ್ನೂ ಇದೆ. "ಓದೋ ಕಾಲಕ್ಕೆ, ಕತ್ತಲಲ್ಲಿ ಕೂತು ಅಕ್ಷಿಪಟಲ ನೋಡೋ ಕೆಲಸ ಯಾರಿಗೂ ಬೇಡವಾಗಿತ್ತು. ನನಗೆ ಕೊನೇಲಿ ಉಳಿದದ್ದು ಅದೇ," ಎನ್ನುತ್ತಾರೆ. "ಕಣ್ಣಿನ ಹಿಂಗೋಡೆ ಮೊದಲನೇ ಸಲ ನೋಡಿದಾಗ ಮಾತ್ರ, ಅಯ್ಯೋ, ಇದನ್ನ ಯಾಕೆ ಎಲ್ಲರೂ ಬಿಟ್ಟುಕೊಟ್ಟರು ಅನ್ನಿಸ್ತು."

ಇವರ ತಲೆ ಕೆಡಿಸಿರುವುದು ಆ ಹಿಂಗೋಡೆಯ ನಟ್ಟನಡುವೆ ಬೀಳುವ ಒಂದು ಸಣ್ಣ ರಂಧ್ರ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಎದುರಿಗಿರುವವರ ಕಿವಿ, ಕೂದಲು ಕಾಣುತ್ತವೆ, ಮುಖ ಇರಬೇಕಾದ ಕಡೆ ಮಬ್ಬು. ಆಪರೇಷನ್ ಮಾಡಿ, ಕಣ್ಣೊಳಗೆ ಅನಿಲದ ಗುಳ್ಳೆ ತುಂಬುತ್ತಾರೆ. ಗಾರೆಯವರ ರಸಮಟ್ಟದಲ್ಲಿರುವ ಗುಳ್ಳೆಯ ಹಾಗೆ ಅದು ಸದಾ ಮೇಲಕ್ಕೇ ಹೋಗುತ್ತದೆ. ರಂಧ್ರ ಇರುವುದು ಕಣ್ಣಿನ ಹಿಂಬದಿಯಲ್ಲಿ. ಮುಖ ನೆಲ ನೋಡುತ್ತಿದ್ದರೆ ಹಿಂಬದಿಯೇ ಮೇಲಾಗಿ, ಗುಳ್ಳೆ ಹೋಗಿ ರಂಧ್ರವನ್ನು ಒತ್ತಿ ಹಿಡಿಯುತ್ತದೆ, ರಂಧ್ರ ಕೂಡಿಕೊಳ್ಳುತ್ತದೆ. ಅದಕ್ಕೇ ವೈದ್ಯರ ಅಪ್ಪಣೆ: ಒಂದು ವಾರ ಬೋರಲು ಮಲಗಿ.

ಈ ಅಪ್ಪಣೆಯನ್ನು ಚಾಚೂತಪ್ಪದೆ ಪಾಲಿಸಿದವರೆಂದು ಡಾಕ್ಟರು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದದ್ದು ಒಬ್ಬ ರೋಗಿಯ ಹೆಸರು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅಂಗಡಿ ಇಟ್ಟಿರುವ, ಎಲ್ಲರೂ ಇಸ್ತ್ರಿಯಮ್ಮ ಎಂದು ಕರೆಯುವ ವಿಧವೆ. ಬಲಗಣ್ಣಿನ ರಂಧ್ರ ಅಂದವಾಗಿ ಮುಚ್ಚಿತ್ತು. ವೈದ್ಯರ ಸಭೆಯೊಂದರಲ್ಲಿ ಆ ಕಣ್ಣಿನ ಚಿತ್ರವನ್ನು ಗೋಡೆಯಗಲ ತೋರಿಸಿ, "ಮಾತು ಕೇಳಿದರೆ ಹೀಗಾಗುತ್ತದೆ" ಎಂದು ಡಾಕ್ಟರು ಭಾಷಣವನ್ನೂ ಮಾಡಿದ್ದರು. ಇಸ್ತ್ರಿಯಮ್ಮ ಮುಂದಿನ ತಪಾಸಣೆಗೆ ಬಂದಾಗ ಅದನ್ನೇ ಹೊಗಳಿ ಹೇಳಿದರೆ, ಜೊತೆಗಿದ್ದ ಸೊಸೆ ಪಕ್ಕನೆ ನಕ್ಕುಬಿಟ್ಟಳು.

"ಎಲ್ಲಿ ಮಲಗಿದ್ರು ಡಾಕ್ಟ್ರೇ? ಮೂರನೇ ದಿನಕ್ಕೇ ಎದ್ದು ಅಂಗಡಿ ಬಾಗಿಲು ತೆಗೆದ್ರಲ್ಲ!"

"ಬಾಯಿ ಮುಚ್ಚೇ!" ಎಂದರು ಇಸ್ತ್ರಿಯಮ್ಮ. ಆದರೆ ಹೊತ್ತು ಮೀರಿತ್ತು.

"ಸಿಟ್ಟು ಬಂತಾ?" ಎಂದು ಕೇಳಿದರೆ ಡಾಕ್ಟರು ಇಲ್ಲವೆಂದು ತಲೆಯಾಡಿಸುತ್ತಾರೆ. "ನಾಚಿಕೆ ಆಯ್ತು. ಆಮೇಲೆ ಕುತೂಹಲ. ಮಲಗದೇ ಇದ್ರೂ ಅದು ಮುಚ್ಚಿದ್ದು ಹೇಗೆ?"

ಹಳೆಯ ರೋಗಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿದರು. "ಬೈಯಲ್ಲ, ಆಣೆ. ನಿಜ ಹೇಳಿ, ಮಲಗಿದ್ರಾ?" ಗಂಡಸರು ಬಹುಮಟ್ಟಿಗೆ ಮಲಗಿದ್ದರು, ಯಾರೋ ತಟ್ಟೆ ತಂದುಕೊಡುವವರಿದ್ದರು. ಹೆಂಗಸರು ಮೊದಲು ನಕ್ಕರು, ಆಮೇಲೆ ಬಾಯಿಬಿಟ್ಟರು. ಒಬ್ಬರು ಮೊಮ್ಮಗಳ ಉಡುಪಿಗೆ ಅಂಚು ಹೊಲಿಯುತ್ತಿದ್ದರಂತೆ. ಇನ್ನೊಬ್ಬರು ನೆಲ ಒರೆಸಿದರಂತೆ. "ಹೆಂಗಸು ಹಗಲು ಹೊತ್ತು ಮಲಗಿದ್ರೆ ಮನೆಯವರು ಬಂದು ಉಸಿರಿದೆಯಾ ಅಂತ ನೋಡ್ತಾರಮ್ಮ," ಎಂದರಂತೆ ಮತ್ತೊಬ್ಬ ಅಜ್ಜಿ. ಇವರಲ್ಲಿ ಬಹಳಷ್ಟು ಜನರ ಕಣ್ಣು ಚೆನ್ನಾಗಿಯೇ ವಾಸಿಯಾಗಿತ್ತು. ಹಾಗಾದರೆ ಮಲಗುವ ಅಗತ್ಯವೇ ಇಲ್ಲ ಎಂದು ಬರೆಯಲು ಡಾಕ್ಟರು ಕೂತೇಬಿಟ್ಟಿದ್ದರು.

ಬರೆಯದಂತೆ ತಡೆದದ್ದು ಒಂದು ಸೀರೆ. ಅದನ್ನು ಇಸ್ತ್ರಿಗೆ ಕೊಡಲು ಇಸ್ತ್ರಿಯಮ್ಮನ ಅಂಗಡಿಗೆ ಹೋಗಿದ್ದರು. ಇಸ್ತ್ರಿಯಮ್ಮ ಕತ್ತೆತ್ತದೆ, "ಅಲ್ಲಿಡಿ, ಸಂಜೆಗೆ ಬನ್ನಿ" ಎಂದರು. ಬಂದವರು ಯಾರೆಂದೂ ನೋಡಲಿಲ್ಲ. ಡಾಕ್ಟರು ಅಲ್ಲೇ ನಿಂತರು. ಮೇಜು ತಗ್ಗಿನದು, ಬೆನ್ನು ಬಾಗಿದೆ, ಕತ್ತು ಬಾಗಿದೆ, ಮುಖ ಮೇಜಿಗೆ ಹಲಗೆ ಹಾಸಿದಷ್ಟು ಮಟ್ಟವಾಗಿದೆ. ಗಿರಾಕಿ ಬಂದರೂ ಎತ್ತುವುದಿಲ್ಲ, ದುಡ್ಡು ಇಟ್ಟರೂ ಎತ್ತುವುದಿಲ್ಲ.

"ಗುಳ್ಳೆಗೆ ಇವರು ಮಲಗಿದ್ದಾರೋ ನಿಂತಿದ್ದಾರೋ ಗೊತ್ತಾಗಲ್ಲ. ಮುಖ ನೆಲ ನೋಡಿದ್ರೆ ಅದಕ್ಕೆ ಸಾಕು," ಎನ್ನುವಾಗ ಡಾಕ್ಟರ ದನಿ ಈಗಲೂ ಏರುತ್ತದೆ. "ಹೊಲಿಗೆ, ನೆಲ ಒರೆಸೋದು, ಪಾತ್ರೆ ಉಜ್ಜೋದು... ಮಾತು ಕೇಳಲಿಲ್ಲ ಅಂತ ನಾವು ಯಾರನ್ನ ಬೈತಿದ್ವೋ ಅವರ ತಲೆ ಹೊತ್ತು ಮುಳುಗೋವರೆಗೂ ಬಗ್ಗೇ ಇತ್ತು. ನಾವು ನೋಡಿರಲಿಲ್ಲ."

ಹಣೆಪಟ್ಟಿ ಹುಟ್ಟಿದ್ದು ಹೀಗೆ. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದಲ್ಲ, ಆ ಕೆಲಸ ಮಾಡುವ ಚಿಪ್ ಅನ್ನು ಫೋನು ರಿಪೇರಿಯವನೊಬ್ಬ ಬಿಡಿಸಿ ಕೊಟ್ಟ, ಡಾಕ್ಟರೇ ಬಟ್ಟೆಯಲ್ಲಿಟ್ಟು ಹೊಲಿದರು. ಮುಖ ಎಷ್ಟು ಬಾಗಿತ್ತು, ಎಷ್ಟು ಹೊತ್ತು ಬಾಗಿತ್ತು ಎಂಬುದನ್ನು ಅದು ಹೇಳುತ್ತದೆ. ರೋಗಿಗೆ ಕಟ್ಟುವ ಮೊದಲು ತಾವು ಕಟ್ಟಿಕೊಂಡು ನೋಡುವುದು ಡಾಕ್ಟರ ರೂಢಿ. ಗಂಡನ ಬನಿಯನ್ನಿಗೆ ಬಂದ ಭಾಗ್ಯ ಅದೇ.

ಈಗ ಇಸ್ತ್ರಿಯಮ್ಮನ ಎಡಗಣ್ಣಿನಲ್ಲೂ ರಂಧ್ರ ಬಿದ್ದಿದೆ. ಬಲಗಣ್ಣಿನದಕ್ಕಿಂತ ಬಹಳ ಅಗಲ. ಇಂಥದ್ದು ಮುಚ್ಚುವುದು ಕಷ್ಟ, ಬಾಗಿದ ಮುಖ ಹೆಚ್ಚು ಹೊತ್ತು ಬೇಕು. ಬಲಗಣ್ಣಿಗೂ ಈಗ ಪೊರೆ ಕಟ್ಟುತ್ತಿದೆ. ಎಡಗಣ್ಣು ಕೈಕೊಟ್ಟರೆ ಬಟ್ಟೆಯ ಮಡಿಕೆ ಕಾಣಿಸದು, ಅಂಗಡಿ ನಡೆಯದು.

ಆಪರೇಷನ್‌ಗೆ ಮುಂಚೆ ಡಾಕ್ಟರು ಅವರಿಗೆ ಎರಡು ದಿನ ಪಟ್ಟಿ ಕಟ್ಟಿಸಿದರು, ಒಂದು ದಿನ ಮನೆಯಲ್ಲಿ ಬೋರಲು ಮಲಗಲು, ಒಂದು ದಿನ ಅಂಗಡಿಯಲ್ಲಿ ನಿಲ್ಲಲು. ಮಲಗಿದ ದಿನ ಇಸ್ತ್ರಿಯಮ್ಮನ ಮುಖ ಅರ್ಧ ಹೊತ್ತೂ ಕೆಳಗಿರಲಿಲ್ಲ. ನಿಂತ ದಿನ ಹೆಚ್ಚುಕಡಿಮೆ ಇಡೀ ದಿನ ಕೆಳಗಿತ್ತು.

"ಮಲಗಿದ್ರೆ ಯಾಕಮ್ಮ ಅಷ್ಟು ಹೊರಳಾಡ್ತೀರಿ?"

"ಬಾಗಿಲು ಸದ್ದಾದ್ರೆ ಯಾರು ಅಂತ ನೋಡ್ಬೇಡ್ವಾ?" ಎಂದರು ಇಸ್ತ್ರಿಯಮ್ಮ. ಪಟ್ಟಿ ಬಿಚ್ಚಿ ಕೊಡುತ್ತ, "ಮಲಗಿದ್ರೆ ಇಲ್ಲದ್ದೆಲ್ಲ ನೆನಪಾಗುತ್ತೆ ಡಾಕ್ಟ್ರೇ. ನಮ್ಮನೆಯವರು ಹೋದ ದಿನದಿಂದ ಹಾಗೇ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ರೆ ಏನೂ ಬರಲ್ಲ" ಎಂದರು.

ಮುಖದ ಬಾಗು ಅಳೆಯಲು ಯಂತ್ರ ಮಾಡಿದವರಿಗೆ ಇದನ್ನು ಕೇಳಬೇಕೆಂದು ಅದುವರೆಗೆ ಹೊಳೆದಿರಲಿಲ್ಲ.

ನಿನ್ನೆ ಬೆಳಿಗ್ಗೆ ಆಪರೇಷನ್ ಆಗಿದೆ. ಮೊದಲ ರಾತ್ರಿ ಆಸ್ಪತ್ರೆಯಲ್ಲೇ ಕಳೆದಿದೆ, ದಾದಿ ಪಕ್ಕದಲ್ಲಿದ್ದು ಮುಖ ಹೊರಳದಂತೆ ನೋಡಿಕೊಂಡಿದ್ದಾರೆ. ಇವತ್ತು ಮನೆಗೆ ಕಳಿಸಬೇಕು. ಇಸ್ತ್ರಿಯಮ್ಮ ವಾರ್ಡಿನ ಮಂಚದಂಚಿನಲ್ಲಿ ಕೂತು, ಹಣೆಯನ್ನು ಮುಂದಿನ ಮೇಜಿನ ದಿಂಬಿಗೆ ಆನಿಸಿದ್ದಾರೆ. ಸೊಸೆ ಚೀಲ ಕಟ್ಟುತ್ತಿದ್ದಾಳೆ.

"ಈಗ ಹೇಳಿ ಡಾಕ್ಟ್ರೇ. ಮಲಗ್ಬೇಕಾ, ನಿಲ್ಬೇಕಾ?"

ಡಾಕ್ಟರು ಉತ್ತರಿಸುವ ಮೊದಲೇ ಆಸ್ಪತ್ರೆಯ ಹಿರಿಯ ಸರ್ಜನ್ ಬಾಗಿಲಲ್ಲಿ ಇಣುಕುತ್ತಾರೆ. ಇವರಿಗೆ ಕತ್ತರಿ ಹಿಡಿಯಲು ಕಲಿಸಿದ ಗುರು, ಎಲ್ಲರ ಬಾಯಲ್ಲಿ ದೊಡ್ಡ ಡಾಕ್ಟರು. ಶಿಷ್ಯೆಯನ್ನು ಹೊರಗೆ ಕರೆದು ದನಿ ತಗ್ಗಿಸುತ್ತಾರೆ. "ಅಷ್ಟು ಅಗಲದ ರಂಧ್ರ ಇಟ್ಕೊಂಡು ಆಟ ಆಡಬೇಡಮ್ಮ. ಮಲಗಿ ಅಂತ ಹೇಳಿ ಕಳಿಸು. ಮುಚ್ಚಿದ್ರೆ ಒಳ್ಳೇದಾಯ್ತು. ಮುಚ್ಚಲಿಲ್ವಾ, ರೋಗಿ ಮಾತು ಕೇಳಲಿಲ್ಲ ಅಂತ ಬರೆದರಾಯ್ತು. ನಾನೂ ಹಾಗೇ ಬರ್ಕೊಂಡು ಬಂದಿದ್ದು, ನೀನೂ ಬರೆದಿದ್ದೀಯ."

"ಹೌದು ಸರ್, ಬರೆದಿದ್ದೀನಿ."

"ಮತ್ತೆ? ಮಲಗಿಸ್ತೀಯ ತಾನೇ?"

"ಮುಖ ಕೆಳಗೇ ಇರುತ್ತೆ ಸರ್."

ದೊಡ್ಡ ಡಾಕ್ಟರು ಗಡಿಯಾರ ನೋಡಿಕೊಂಡು ಮುಂದೆ ಹೋಗುತ್ತಾರೆ.

ಒಳಗೆ ಬಂದ ಡಾಕ್ಟರು ಇಸ್ತ್ರಿಯಮ್ಮನ ಪಕ್ಕ ಮಂಡಿಯೂರಿ, ಬಾಗಿದ ಮುಖಕ್ಕೆ ಕೆಳಗಿನಿಂದ ಮುಖ ಕೊಟ್ಟು ಹೇಳುತ್ತಾರೆ. ರಾತ್ರಿ ಬೋರಲೇ ಮಲಗಬೇಕು, ಸೊಸೆ ಪಕ್ಕದಲ್ಲಿರಬೇಕು. ಹಗಲು ಅಂಗಡಿ. ಹಗುರ ಬಟ್ಟೆ ಮಾತ್ರ, ನೀರು ಚಿಮುಕಿಸುವುದು, ಗಂಟು ಎತ್ತುವುದು ಎಲ್ಲ ಸೊಸೆಯದು. ಕಣ್ಣಿನ ಮುಚ್ಚಳ ತೆಗೆಯುವ ಹಾಗಿಲ್ಲ.

"ಯಾರಾದ್ರೂ ಕರೆದ್ರೆ?"

"ಬಗ್ಗೇ ಮಾತಾಡಿ."

"ಅದೇನು ಹೊಸದಾ!" ಎಂದು ಇಸ್ತ್ರಿಯಮ್ಮ ದಿಂಬಿನೊಳಗೇ ನಗುತ್ತಾರೆ. "ಅಲ್ಲ ಡಾಕ್ಟ್ರೇ, ಇದು ಮುಚ್ಚದೇ ಹೋದ್ರೆ ಬೈತೀರಾ?"

"ಇಲ್ಲಮ್ಮ."

ಅಷ್ಟೇ ಹೇಳಿ ಡಾಕ್ಟರು ಎದ್ದು ಇಸ್ತ್ರಿಯಮ್ಮನ ಹಣೆಗೆ ಕಟ್ಟಿದ ಪಟ್ಟಿಯ ಗಂಟು ಸರಿಮಾಡುತ್ತಾರೆ. ಅತ್ತೆ ಸೊಸೆ ಮೆಟ್ಟಿಲಿಳಿದು ಬೀದಿಗೆ ತಿರುಗುವುದನ್ನು ಕಾರಿಡಾರಿನ ಕಿಟಕಿಯಿಂದ ನೋಡುತ್ತಾರೆ. ಮುಂದಿನ ರೋಗಿಯ ಹೆಸರನ್ನು ಆಗಲೇ ಕೂಗಿದ್ದಾರೆ. ಒಂದು ವೇಳೆ ಈ ರಂಧ್ರ ಮುಚ್ಚದೇ ಹೋದರೆ, ರೋಗಿ ಮಾತು ಕೇಳಲಿಲ್ಲ ಎಂದು ಬರೆಯುವುದಿಲ್ಲ. ನಿಲ್ಲಲು ಹೇಳಿದವಳು ನಾನು ಎಂದು ಬರೆಯುತ್ತೇನೆ. ಇಷ್ಟನ್ನು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡು, ಯಾರಿಗೂ ಹೇಳದೆ, ಕೈ ತೊಳೆಯಲು ಹೋಗುತ್ತಾರೆ.