ಮಾವನ ಅರ್ಜಿಯ ಕೊನೆಯ ಸಾಲು

ಶ್ರೀರಾಂಪುರದ ನಮ್ಮ ಮನೆಗೆ ಹೋದ ವಾರ ಮೈಕ್ರೋವೇವ್ ಒಲೆ ಬಂತು. ಹೊಸ ಯಂತ್ರ ಕಂಡರೆ ಅದರ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಚಟ ನನ್ನದು. ಮನೆಯವರು ನಗುತ್ತಾರೆ, ನಗಲಿ. ಮೊದಲ ಪುಟದಲ್ಲೇ ದಪ್ಪ ಅಕ್ಷರ: ಬಾಗಿಲು ಸರಿಯಾಗಿ ಮುಚ್ಚದೆ ಚಾಲೂ ಮಾಡಬೇಡಿ, ಅಲೆಗಳು ಮೈಗೆ ಅಪಾಯ. ಓದಿ ಮೈಯೆಲ್ಲ ಉರಿಯಿತು. ಅನ್ನ ಬಿಸಿ ಮಾಡುವ ಡಬ್ಬಕ್ಕೆ ಇಷ್ಟು ಎಚ್ಚರಿಕೆ! ನಮ್ಮ ಸೋದರಮಾವನಿಗೆ ಇದರಲ್ಲಿ ಅರ್ಧ ಸಾಲನ್ನಾದರೂ ಯಾರು ಹೇಳಿದ್ದರು?

ಕುಂಬಾರಕೊಪ್ಪಲಿನ ಮಾವ ಸೈನ್ಯದಲ್ಲಿದ್ದವರು. ಗಡಿಯ ಹಿಮದಲ್ಲಿ ರಾಡಾರ್ ರಿಪೇರಿ ಮಾಡುತ್ತಿದ್ದರು. ರಜೆಗೆ ಬಂದಾಗ ಹೇಳುತ್ತಿದ್ದ ಕತೆ ನಮಗೆಲ್ಲ ಬಾಯಿಪಾಠ. "ಚಳಿ ಅಂದ್ರೆ ಎಂಗಿರ್ತದೆ ಗೊತ್ತೇನಮ್ಮ? ಬೆರಳೇ ಮಡಚಕ್ಕಾಗ್ತಿರಲಿಲ್ಲ. ರಾಡಾರ್ ತಟ್ಟೆ ಮುಂದೆ ಹೋಗಿ ನಿಂತ್ಕಂಬುಡೋದು. ಬೆಂಕಿ ಇಲ್ಲ, ಹೊಗೆ ಇಲ್ಲ, ಒಳಗಿಂದ್ಲೇ ಬೆಚ್ಚಗಾಗೋದು ಕಣಮ್ಮ!" ಗಡಿ ಠಾಣೆಯ ಸೈನಿಕರೆಲ್ಲ ಸರದಿಯಲ್ಲಿ ನಿಲ್ಲುತ್ತಿದ್ದರಂತೆ. ಆರು ತಿಂಗಳಿಗೊಮ್ಮೆ ಸೈನ್ಯದ ಡಾಕ್ಟರು ಬಂದು, ಎಷ್ಟು ಹೊತ್ತು ನಿಂತಿರಿ ಎಂದು ಕೇಳಿ, ಕಣ್ಣಿಗೆ ಟಾರ್ಚ್ ಬಿಟ್ಟು, ರಕ್ತ ತೆಗೆದು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಿಲ್ಲಬೇಡಿ ಎಂದು ಮಾತ್ರ ಒಬ್ಬರೂ ಅನ್ನಲಿಲ್ಲ. "ನಮ್ಮ ಮೇಲೆ ಎಷ್ಟು ಕಾಳಜಿ ನೋಡು" ಎಂದು ಮಾವ ಬೀಗುತ್ತಿದ್ದರು. ನಾನೂ ಶಾಲೆಯಲ್ಲಿ ಅದನ್ನೇ ಹೇಳಿಕೊಂಡು ಮೆರೆದೆ, ಪೆದ್ದಿ.

ನಲವತ್ತು ತುಂಬುವ ಮೊದಲೇ ಮಾವನ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆದರೂ ಮುಖಗಳು ಮಸುಕು. ಡಾಕ್ಟರ ಆ ಪುಸ್ತಕದಲ್ಲಿ ತಮ್ಮ ಕಣ್ಣಿನ ಬಗ್ಗೆ ಏನು ಬರೆದಿದೆ ಎಂದು ತಿಳಿಯಬೇಕು, ಅವರಿಗೆ ಬೇಕಾದದ್ದು ಅಷ್ಟೇ. ಸೈನ್ಯದ ಕಚೇರಿಗೆ ಅರ್ಜಿ ಬರೆದವಳು ನಾನು. ಅವರು ಹಟ ಹಿಡಿದು ಬರೆಸಿದ ಕೊನೆಯ ಸಾಲು: 'ತಟ್ಟೆಯ ಮುಂದೆ ನಿಂತದ್ದು ನನ್ನದೇ ತಪ್ಪು.' ಸುಳ್ಳು ಹೇಳಬಾರದಂತೆ! ಕಚೇರಿಯ ಉತ್ತರ ಆ ಸಾಲನ್ನೇ ಹಿಡಿದುಕೊಂಡಿತು: ತಪ್ಪು ಅರ್ಜಿದಾರರದೇ, ಪುಸ್ತಕ ತೋರಿಸುವ ಅಗತ್ಯವಿಲ್ಲ.

ಈ ಒಲೆಯೊಳಗಿನಂಥವೇ ಅಲೆಗಳು ರಾಡಾರ್ ತಟ್ಟೆಯಿಂದಲೂ ಹೊಮ್ಮುತ್ತವೆ. ಅವುಗಳಿಂದಲೇ ಪೊರೆ ಬಂತೆಂದು ನಾನು ಆಣೆ ಇಡಲಾರೆ. ಆದರೆ ನೀವೇ ಹೇಳಿ, ಏನೂ ಆಗುವುದಿಲ್ಲ ಎಂದಾದರೆ ಅಳೆದದ್ದೇಕೆ? ಆಗಬಹುದೆಂದು ಗೊತ್ತಿದ್ದರೆ ತಡೆಯಲಿಲ್ಲವೇಕೆ? ಶತ್ರುವಿನ ವಿಮಾನ ಹುಡುಕುವ ಯಂತ್ರದ ಮುಂದೆ ನಮ್ಮವರನ್ನೇ ನಿಲ್ಲಲು ಬಿಟ್ಟು ನೋಡುತ್ತ ಕೂತರಲ್ಲ!

ಕೈಪಿಡಿ ಹಿಡಿದು ನೇರ ಮಾವನ ಮನೆಗೆ ಹೋದೆ. ಎಚ್ಚರಿಕೆಯನ್ನು ಗಟ್ಟಿಯಾಗಿ ಓದಿದೆ. ಅವರು ಇನ್ನೊಮ್ಮೆ ಓದಿಸಿದರು. ಅಲ್ಲೇ ಕೂತು ಹೊಸ ಅರ್ಜಿ ಬರೆದು, ಅದನ್ನೂ ಓದಿ ಹೇಳಿದೆ.

"ಆ ಕೊನೇ ಸಾಲು ಬುಟ್ಬುಟ್ಟೆಯಲ್ಲಮ್ಮ?"

"ಹೂಂ ಮಾವ. ಅದು ನಿಮ್ಮ ತಪ್ಪಲ್ಲ."

ಮಾವ ಕೈಚಾಚಿ ಪೆನ್ನು ತಡಕಾಡಿದರು. ಸಹಿ ಮಾಡುವ ಜಾಗಕ್ಕೆ ಅವರ ಬೆರಳನ್ನು ನಾನೇ ತಂದಿಟ್ಟೆ.