ಚಾವಣಿಗೆ ಹಾರಿದ ಕಾಂಜಿ

“ಮನೆಗೆ ಬಂದೋರನ್ನ ಬಾಯಿಗೇನೂ ಕೊಡದೆ ಹಾಗೇ ಕಳಿಸ್ತಾರೇನೇ?” ಎನ್ನುತ್ತಾ ಅತ್ತೆ ಬಿಸಿನೀರಿನ ಟ್ಯಾಂಕ್ ಇರುವ ಬೀರುವಿನತ್ತ ಹೊರಟೇಬಿಟ್ಟರು.

ಕ್ರೈಸ್ಟ್‌ಚರ್ಚ್‌ನ ನಮ್ಮ ಬಾಡಿಗೆ ಮನೆಯ ತಪಾಸಣೆಗೆ ಮಾಲೀಕರ ಪರವಾಗಿ ಬಂದಿದ್ದ ಹೆಂಗಸು ಗೋಡೆ, ಕಾರ್ಪೆಟ್ಟುಗಳ ಫೋಟೊ ತೆಗೆದು, ಎಲ್ಲ ಸರಿಯಿದೆ ಎಂದು ಶೂ ಹಾಕಿಕೊಳ್ಳುತ್ತಿದ್ದಳು. ಬೀರುವಿನೊಳಗೆ ನನ್ನ ಬೀಟ್‌ರೂಟ್ ಕಾಂಜಿ ಎಂಬ ಹುಳಿ ಪಾನಕದ ಜಾಡಿಯಿತ್ತು. ಬೀಟ್‌ರೂಟ್, ಕ್ಯಾರೆಟ್ ಹೋಳುಗಳು ಉಪ್ಪು, ಸಾಸಿವೆ ಪುಡಿಯ ನೀರಲ್ಲಿ ಹುಳಿಯಾಗಲು ಬೆಚ್ಚಗಿರಬೇಕು. ಇಲ್ಲಿನ ಚಳಿಗೆ ನಮ್ಮ ಇಡ್ಲಿ ಹಿಟ್ಟು ಉಬ್ಬುವುದೂ ಆ ಬೀರುವಿನಲ್ಲೇ. ಹುಳಿಯ ಗಾಳಿ ಹೊರಹೋಗಲೆಂದು ಬರೀ ಬಟ್ಟೆ ಕಟ್ಟಿಡಬೇಕಾದ ಜಾಡಿಗೆ, ತಪಾಸಣೆಯ ದಿನ ವಾಸನೆ ಬರದಿರಲಿ ಎಂದು ಮುಚ್ಚಳ ಬಿಗಿದಿದ್ದೆ.

“ಅತ್ತೆ, ಅದು ಬೇಡ, ಟೀ ಮಾಡ್ತೀನಿ” ಎನ್ನುವಷ್ಟರಲ್ಲಿ ಅವರು ಜಾಡಿಯನ್ನು ಕಂಕುಳಲ್ಲಿ ಅವುಚಿಕೊಂಡು ಮುಚ್ಚಳ ತಿರುಗಿಸಿದ್ದರು. ಢಬ್ ಎಂದಿತು. ಮುಚ್ಚಳ ಸೋಫಾದ ಹಿಂದೆ ಬಿತ್ತು, ಅರ್ಧ ಕಾಂಜಿ ಚಾವಣಿಗೆ ಹಾರಿತು. ಕೆಂಪು ಹನಿಗಳು ತಪಾಸಣೆಗೆ ಬಂದವಳ ಕ್ಯಾಮೆರಾ ಮೇಲೆ ತೊಟ್ಟಿಕ್ಕತೊಡಗಿದವು. ಅತ್ತೆ ಏನೂ ಆಗಿಲ್ಲವೆಂಬಂತೆ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ, ಸೆರಗಲ್ಲಿ ಲೋಟದ ತಳ ಒರೆಸಿ, ಆಕೆಯ ಕೈಗಿಟ್ಟರು. ಆಕೆ ಒಂದು ಗುಟುಕು ಕುಡಿದಳು. ಸಾಸಿವೆ ನೆತ್ತಿಗೇರಿ ಕಣ್ಣಲ್ಲಿ ನೀರಾಡಿತು. ಪೂರ್ತಿ ಕುಡಿದು ಖಾಲಿ ಲೋಟವನ್ನು ಮತ್ತೆ ಮುಂದೆ ಹಿಡಿದಳು.

ಬಣ್ಣ ಬಳಿದರೂ ಚಾವಣಿಯ ಆ ಜಾಗ ಇನ್ನೂ ತುಸು ಗುಲಾಬಿಯಾಗಿದೆ. ಈಗಲೂ ತಪಾಸಣೆಗೆ ಆಕೆಯೇ ಬರುತ್ತಾಳೆ. ಮೊದಲು ಚಾವಣಿ ನೋಡುತ್ತಾಳೆ, ಆಮೇಲೆ ಅತ್ತೆಯ ಮುಖ. ಫೋಟೊ ತೆಗೆಯುವುದು ಕಾಂಜಿ ಕುಡಿದ ಮೇಲೆಯೇ, ಅದೂ ಚಾವಣಿಯ ಇನ್ನೊಂದು ಮೂಲೆಯದು.