ಕ್ರಿಸ್‌ಮಸ್ಸಿನ ತುಳಸಿಕಟ್ಟೆ

ಮೊನ್ನೆ ಅಡುಗೆಮನೆಯಲ್ಲಿ ಖರ್ಜೂರದ ಪೊಟ್ಟಣ ಬಿಚ್ಚಿಟ್ಟು, ಪಕ್ಕದಲ್ಲೇ ಪುಟಾಣಿ, ಅಂದರೆ ಹುರಿಗಡಲೆಯ, ಹಿಟ್ಟಿಗೆ ತುಪ್ಪ ಸುರಿದೆ. ಎರಡೂ ವಾಸನೆ ಕೂಡಿದ್ದೇ ತಡ, ಕೈ ನಿಂತಿತು. ಟೀಚರಮ್ಮ ನೆನಪಾದರು ಎಂದು ಬರೆದುಬಿಡಬಹುದು. ಆದರೆ ಮುಖ ಬರಲಿಲ್ಲ. ಬಂದದ್ದು ಅವರ ಮೊಣಕೈಗೆ ಅಂಟಿದ್ದ ಹಿಟ್ಟು, ಅಷ್ಟೇ. ಮುಖವನ್ನು ಆಮೇಲೆ ನಾನೇ ಕೂಡಿಸಿಕೊಂಡೆ. ಅದು ಅವರದೋ, ಮತ್ತಾರದೋ...

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆ. ಹಿತ್ತಲಿನ ಎರಡು ಕೋಣೆಗಳಲ್ಲಿ ಟೀಚರಮ್ಮ ಬಾಡಿಗೆಗಿದ್ದರು. ಕ್ರೈಸ್ತರು, ಒಂಟಿ ಹೆಂಗಸು, ಪ್ರಾಥಮಿಕ ಶಾಲೆಯಲ್ಲಿ ಕೆಲಸ. ನಮ್ಮದು ವೈಷ್ಣವರ ಮನೆ. ಅಜ್ಜಿಯ ಮಡಿ ಕಟ್ಟುನಿಟ್ಟು. ನೀರು ಬೆರೆಸಿ ಬೇಯಿಸಿದ್ದನ್ನು ಬೇರೆಯವರ ಕೈಯಿಂದ ನಾವು ಮಕ್ಕಳೂ ತಿನ್ನುವಂತಿರಲಿಲ್ಲ. ಹಣ್ಣು, ಒಣ ಕೊಬ್ಬರಿ, ಪುಟಾಣಿ, ಸಕ್ಕರೆಗೆ ಆ ತಕರಾರಿಲ್ಲ.

ಮೊದಲ ಕ್ರಿಸ್‌ಮಸ್ಸಿಗೆ ಟೀಚರಮ್ಮ ಕೇಕು ಕೊಡಲು ಬಂದಾಗ ಅಜ್ಜಿ ಬಾಗಿಲಲ್ಲೇ ಹೇಳಿದ್ದಳಂತೆ, “ಒಲಿ ಕಂಡದ್ದು ಬ್ಯಾಡವಾ, ಬೇಜಾರು ಮಾಡ್ಕೋಬ್ಯಾಡ.”

“ಒಲಿ ಕಾಣದಂಗ ಮಾಡಿದ್ರ?” ಎಂದರಂತೆ ಟೀಚರಮ್ಮ.

“ಮಾಡು ನೋಡೋಣ.”

ಅಲ್ಲಿಂದ ಶುರುವಾಯಿತು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ನಾನು, ಅಕ್ಕ, ತಮ್ಮ, ಬೀದಿಯ ಇನ್ನೊಂದಿಷ್ಟು ಮಕ್ಕಳು ಅವರ ಕೋಣೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ಖರ್ಜೂರದ ಬೀಜ ತೆಗೆದು ಜಜ್ಜುವುದು, ಕೊಬ್ಬರಿ ತುರಿಯುವುದು, ಪುಟಾಣಿ ಹಿಟ್ಟಿಗೆ ಸಕ್ಕರೆ ಪುಡಿ ಬೆರೆಸಿ ಎಲ್ಲವನ್ನೂ ತುಪ್ಪದಲ್ಲಿ ನಾದುವುದು. ತುಪ್ಪ ಮಾತ್ರ ಅಜ್ಜಿಯದು. ಒತ್ತುವ ಅಚ್ಚುಗಳೂ ಅಜ್ಜಿಯವೇ. ಸಂಕ್ರಾಂತಿಯ ಸಕ್ಕರೆ ಅಚ್ಚು ಹೊಯ್ಯುವ ಮರದ ತುಂಡುಗಳು: ಆನೆ, ಗಿಳಿ, ತುಳಸಿಕಟ್ಟೆ. ನಕ್ಷತ್ರ ಇರಲಿಲ್ಲ.

“ನಿಮ್ಮ ಹಬ್ಬಕ್ಕ ಆನಿ ನಡೀತದೇನ್ರಿ?” ಎಂದು ತಮ್ಮ ಕೇಳಿದ್ದ.

“ಯೇಸುಸ್ವಾಮಿ ಹುಟ್ಟಿದಾಗ ಮೂರು ಮಂದಿ ಜ್ಞಾನಿಗಳು ಒಂಟಿ ಏರಿ ಬಂದಿದ್ರಂತ. ಆನಿ ಬಂದ್ರ ಒಳಗ ಬಿಡಂಗಿಲ್ಲೇನಲೇ? ಗಟ್ಟ್ಯಾಗಿ ಒತ್ತು, ಇಲ್ಲಂದ್ರ ಸೊಂಡ್ಲು ಮುರಿದೀತು.”

ಮಾಡಿದ್ದನ್ನು ಮೊದಲು ಅಜ್ಜಿಯ ಮುಂದೆ ಹಿಡಿಯುತ್ತಿದ್ದರು. ಅಜ್ಜಿ ತಟ್ಟೆಯ ಅಂಚು ಮುಟ್ಟಿ, “ಮುಟ್ಟಿದ್ನಲ್ಲ, ತಿಂದಂಗ ಆತು. ಹುಡುಗ್ರಿಗೆ ಕೊಡು” ಎನ್ನುತ್ತಿದ್ದಳು. ಪ್ರತಿ ವರ್ಷವೂ ಅದೇ ಮಾತು. ಟೀಚರಮ್ಮ ನಗುತ್ತ ಹಿಂದಿರುಗಿ, ನಮಗೆ ಮಾತ್ರ ಕೇಳುವಂತೆ ಹೇಳುತ್ತಿದ್ದರು: “ಒಂದ್ ವರ್ಷ ನಿಮ್ಮಜ್ಜಿ ಬಾಯಾಗ ಹಾಕೇ ಹಾಕ್ತೀನಿ, ನೋಡ್ತಿರ್ರಿ.” ಆಟದಂತೆಯೇ ಹೇಳುತ್ತಿದ್ದರು. ಆಟವಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಈಗ ಅನ್ನಿಸುವುದನ್ನೆಲ್ಲ ನಾನು ಅಷ್ಟಾಗಿ ನಂಬುವುದಿಲ್ಲ.

ಕೊನೆಯ ವರ್ಷ ತುಪ್ಪ ಹೆಚ್ಚಾಯಿತು. ಸುರಿದವನು ತಮ್ಮ ಎಂದು ಅಕ್ಕ, ಅಕ್ಕನೇ ಎಂದು ತಮ್ಮ. ಹಿಟ್ಟು ಅಚ್ಚಿನಲ್ಲಿ ನಿಲ್ಲದೆ ಜಾರುತ್ತಿತ್ತು. ಪುಟಾಣಿ ಮುಗಿದಿತ್ತು. ಟೀಚರಮ್ಮ ಡಬ್ಬಿಯಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, ಕುಟ್ಟಿ, ಬೆರೆಸಿದರು. ಗಟ್ಟಿಯಾಯಿತು. ಯಾರಿಗೂ ಏನೂ ಅನ್ನಿಸಲಿಲ್ಲ. ಅಂಗಡಿಯಿಂದ ಬಂದ ಬಿಸ್ಕತ್ತು ಕಾಗದ ಬಿಚ್ಚಿ ತಿನ್ನುವ ವಸ್ತು. ಅದೂ ಎಲ್ಲೋ ನೀರಲ್ಲಿ ನಾದಿಸಿಕೊಂಡು ಒಲೆ ಕಂಡಿರುತ್ತದೆ ಎಂದು ಅವರಿಗೂ ಆ ಗಳಿಗೆ ಹೊಳೆದಿರಲಿಲ್ಲ.

ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಟೀಚರಮ್ಮ ತಟ್ಟೆ ಹಿಡಿದರು. ಅಜ್ಜಿ ಅಂಚು ಮುಟ್ಟಲಿಲ್ಲ. ನೇರ ತುಳಸಿಕಟ್ಟೆಯೊಂದನ್ನು ಎತ್ತಿಕೊಂಡು, “ಬೃಂದಾವನ ಮಾಡಿ ತಂದೀದಿ, ಹೆಂಗ ಬ್ಯಾಡನ್ಲಿ” ಎಂದಳು.

ನಾವು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದೆವು. ಅಜ್ಜಿಯ ಕೈ ಬಾಯಿಯ ಹತ್ತಿರ ಹೋಗಿತ್ತು.

“ತಡೀರಿ ಅಮ್ಮಾರ. ಇದರಾಗ ಬಿಸ್ಕೀಟು ಬಿದ್ದೈತಿ.”

ಅಜ್ಜಿಯ ಕೈ ಕೆಳಗಿಳಿಯಿತು. ತುಳಸಿಕಟ್ಟೆಯನ್ನು ಮೆಲ್ಲಗೆ ತಟ್ಟೆಗೆ ವಾಪಸಿಟ್ಟಳು.

“ನೀ ಹೇಳದಿದ್ರ ನನಗೇನು ತಿಳೀತಿತ್ತವಾ?”

“ತಿಂದ ಮ್ಯಾಲೆ ಹೇಳಾಕ ಬರ್ತಿರಲಿಲ್ರಿ,” ಎಂದರು ಟೀಚರಮ್ಮ.

ಇಲ್ಲಿಂದ ಮುಂದೆ ನನ್ನ ನೆನಪಿಗೂ ಅಕ್ಕನ ನೆನಪಿಗೂ ಹೊಂದುವುದಿಲ್ಲ. ಅಜ್ಜಿ ಎದ್ದು, “ಬರೋ ವರ್ಷ ನಮ್ಮ ಪಡಸಾಲ್ಯಾಗ, ನನ್ನ ಕಣ್ಣೆದುರಿಗೇ ಮಾಡು. ತಿಂತೀನಿ” ಎಂದದ್ದು ನನ್ನ ಕಿವಿಯಲ್ಲಿದೆ. ಅಕ್ಕ ಒಪ್ಪುವುದಿಲ್ಲ. “ಅಜ್ಜಿ ‘ಆಗ್ಲಿ ಬಿಡು’ ಅಂದ್ಲು, ಅಷ್ಟ. ಉಳಿದದ್ದೆಲ್ಲಾ ನಿನ್ನ ಕತಿ,” ಎನ್ನುತ್ತಾಳೆ. ಇರಬಹುದು. ಒಂದು ‘ಆಗ್ಲಿ’ಯಿಂದ ಇಡೀ ವಾಕ್ಯ ಕಟ್ಟುವಷ್ಟು ನಾನು ಆ ಇಬ್ಬರನ್ನೂ ಹಚ್ಚಿಕೊಂಡಿದ್ದೆ.

ಬೇಸಿಗೆಯಲ್ಲಿ ಟೀಚರಮ್ಮನಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಹೊರಟ ದಿನ ನಾವು ಊರಲ್ಲಿರಲಿಲ್ಲ, ಕುರುಗೋಡಿನ ಸೋದರಮಾವನ ಮನೆಯಲ್ಲಿದ್ದೆವು. ತಿರುಗಿ ಬಂದಾಗ ಹಿತ್ತಲ ಕೋಣೆಗಳಿಗೆ ಹೊಸ ಬೀಗ...

ಆದರೆ ಮುಂದಿನದನ್ನು ಅಕ್ಕನೂ ಅಲ್ಲಗಳೆಯುವುದಿಲ್ಲ. ಆ ಡಿಸೆಂಬರಿನಲ್ಲಿ ಅಜ್ಜಿ ತಾನೇ ಮಡಿಯಲ್ಲಿ ಪುಟಾಣಿ ಬೀಸಿದಳು. ಅಪ್ಪನಿಂದ ಖರ್ಜೂರ ತರಿಸಿದಳು. ಪಡಸಾಲೆ ಸಾರಿಸಿ, ಅಚ್ಚುಗಳನ್ನು ತೊಳೆದಿಟ್ಟಳು. ಸಂಜೆ ಬಾಗಿಲಲ್ಲಿ ಕೂತು, ಬಸ್ ಸ್ಟ್ಯಾಂಡಿನ ಕಡೆಯಿಂದ ಬರುವ ಪ್ರತಿ ಟಾಂಗಾ ನೋಡಿದಳು. ದೀಪ ಹಚ್ಚುವ ಹೊತ್ತಾಯಿತು. “ಸಿರುಗುಪ್ಪ ಏನು ಕಾಶಿ ಅದನ?” ಎಂದು ಗೊಣಗಿ ಒಳಗೆ ಹೋದಳು. ಯಾರಾದರೂ ಟೀಚರಮ್ಮನಿಗೆ ಹೇಳಿ ಕಳಿಸಿದ್ದರೇ? ಯಾರೂ ಕಳಿಸಿರಲಿಲ್ಲ. ಬರಬೇಕೆಂಬುದು ಅವರಿಗೇ ನೆನಪಿರುತ್ತದೆ ಎಂದು ಅಜ್ಜಿ ನಂಬಿದ್ದಳು. ಇನ್ನೊಂದು ಡಿಸೆಂಬರ್ ಅಜ್ಜಿಗೆ ಸಿಗಲಿಲ್ಲ.

ಹೋದ ವಾರ ಸುಮ್ಮನಿರಲಾಗದೆ ಸಿರುಗುಪ್ಪಕ್ಕೆ ಹೋಗಿಬಂದೆ. ಚರ್ಚಿನ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದ ಮುದುಕರೊಬ್ಬರನ್ನು ವಿಚಾರಿಸಿದೆ.

“ಹೆಸರೇನ್ರಿ ಅವರದು?”

“ಟೀಚರಮ್ಮ ಅಂತಿದ್ವಿ.”

“ಇಲ್ಲಿ ಮನೀಗೊಬ್ಬರು ಟೀಚರಮ್ಮ ಅದಾರ. ಹೆಸರು ಹೇಳ್ರಿ, ಹುಡುಕೋಣಂತ.”

ಗೊತ್ತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ, ಅವಳಿಗೂ ಗೊತ್ತಿಲ್ಲ. ಅಪ್ಪ ಅಮ್ಮ ಇಲ್ಲ. ಟೀಚರಮ್ಮ ಇದ್ದಿದ್ದರೆ ಈಗ ತೊಂಬತ್ತರ ಮೇಲೆ. ಇರಲಾರರು, ಅದೂ ಗೊತ್ತಿದ್ದೇ ಹೋಗಿದ್ದೆ. ಅವರಿಗೆ ಹೇಳಬೇಕಿದ್ದದ್ದು ಒಂದೇ ಮಾತು: ಅಜ್ಜಿ ಕಾದಿದ್ದಳು. ಮುದುಕರು ಇನ್ನೂ ನನ್ನ ಮುಖ ನೋಡುತ್ತಿದ್ದರು. ಒಂದು ಗಳಿಗೆ ಅವರಿಗೇ ಹೇಳಿಬಿಡೋಣ ಎನ್ನಿಸಿತು.